ಮಾತನಾಡಿಸುವ ಕೊಠಡಿ

ದರ್ಜಿ ಇವತ್ತೂ ಬಾಯಿ ಬಿಡುವ ಲಕ್ಷಣ ಕಾಣಲಿಲ್ಲ.

ಹನ್ನೊಂದು ತಿಂಗಳಿಂದ ಪ್ರತಿ ಸೋಮವಾರ ಹತ್ತು ಗಂಟೆಗೆ ಸರಿಯಾಗಿ ಬರುತ್ತಾನೆ. ಕಿತ್ತಳೆ ಹಣ್ಣಿನ ಚೀಲವನ್ನು ಮೇಜಿನ ಮೇಲಿಡುತ್ತಾನೆ. "ಹೀಗೇ ಮಾತಾಡಿಸ್ಕೊಂಡು ಹೋಗೋಣ ಅಂತ ಬಂದೆ" ಎನ್ನುತ್ತಾನೆ. ತನ್ನ ಮನಸ್ಸಿನಲ್ಲಿರುವುದನ್ನು ಮಾತ್ರ ಹೇಳುವುದಿಲ್ಲ. ಇಷ್ಟು ಶಿಸ್ತಾಗಿ ಬರುವವನು ಏನೋ ಭಾರಿ ಸಂಗತಿಯನ್ನೇ ಮುಚ್ಚಿಡುತ್ತಿದ್ದಾನೆ ಎಂಬುದರಲ್ಲಿ ಡಾಕ್ಟರಿಗೆ ಅನುಮಾನವಿರಲಿಲ್ಲ.

"ಈ ವಾರ ಹೇಗಿತ್ತು?" ಎಂದರು ಡಾಕ್ಟರು.

"ನಂದೇನು ಬಿಡಿ. ನಿಮಗೆ ನಿದ್ದೆ ಚೆನ್ನಾಗಿ ಬಂತಾ?"

'ಪ್ರಶ್ನೆಯನ್ನು ತಿರುಗಿಸುತ್ತಾನೆ. ತೀವ್ರ ನಿರಾಕರಣೆ' ಎಂದು ಡಾಕ್ಟರು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು.

ಇವರು ಸೂಜಿ ಚುಚ್ಚುವ ಡಾಕ್ಟರಲ್ಲ. 'ಹಳ್ಳಿಗರ ಮೌನ' ಎಂಬ ವಿಷಯದ ಮೇಲೆ ನಾನೂರು ಪುಟ ಬರೆದು ಡಾಕ್ಟರಾದವರು. ಅಲ್ಲಿಯವರೆಗೆ ಹಳ್ಳಿಯನ್ನು ನೋಡಿದ್ದು ರೈಲಿನ ಕಿಟಕಿಯಿಂದ, ಅದೂ ರೈಲು ನಿಲ್ಲದ ಕಡೆ. ಆದರೆ ಡಾಕ್ಟರೇಟ್ ಆದಮೇಲೂ ಒಂದು ವರ್ಷ ಹಳ್ಳಿಯಲ್ಲಿ ಕೂತು ಜನರ ಮನಸ್ಸಿಗೆ ಆರೈಕೆ ಮಾಡಿದ ಹೊರತು ಸ್ವಂತವಾಗಿ ಚಿಕಿತ್ಸೆ ನೀಡುವ ಪರವಾನಗಿ ಸಿಗುವುದಿಲ್ಲ. ಹಾಗಾಗಿ ಬಂದರು. ಆಸ್ಪತ್ರೆಯಲ್ಲಿ ಜಾಗವಿರಲಿಲ್ಲವಾದ್ದರಿಂದ ಅಂಚೆ ಕಚೇರಿಯ ಹಿಂದಿನ ಖಾಲಿ ಕೊಠಡಿ, ಎರಡು ಕುರ್ಚಿ, ಒಂದು ಮೇಜು ಸಿಕ್ಕಿತು.

ಬಂದ ದಿನವೇ ಬಾಗಿಲಿಗೆ ಬೋರ್ಡು ಬರೆದು ಹಾಕಿದರು. ಮನೋವಿಜ್ಞಾನ, ಸಮಾಲೋಚನೆ ಎಂದೆಲ್ಲ ಬರೆದರೆ ಪಾಪ, ಹಳ್ಳಿಯವರಿಗೆ ಅರ್ಥವಾಗಬೇಕಲ್ಲ! ಜನರ ಭಾಷೆಯಲ್ಲೇ ಬರೆದರು: 'ಮನಸ್ಸು ನೊಂದವರನ್ನು ಮಾತನಾಡಿಸುವ ಕೊಠಡಿ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕು. ಸಂಕೋಚ ಬೇಡ, ಒಳಗೆ ಬನ್ನಿ.'

ಜನ ಬಂದರು. ಬೇಡವೆಂದರೂ ಬಂದರು. ಯಾವ ದಿನ ಯಾರು ಎಂದು ಮುಂದಿನ ಅಂಚೆ ಕಚೇರಿ ನೋಡಿಕೊಳ್ಳುವ ಪೋಸ್ಟಮ್ಮನೇ ಸರದಿ ಗೊತ್ತುಮಾಡಿದಳು. ಹಳ್ಳಿಯವರು ಎರಡನೆಯ ಸಲ ಬರುವುದಿಲ್ಲ ಎಂದು ಪುಸ್ತಕಗಳು ಹೇಳುತ್ತವೆ. ಇಲ್ಲಿ ಒಬ್ಬರೂ ತಪ್ಪಿಸಲಿಲ್ಲ. ಈ ಪವಾಡದ ಮೇಲೆ ಡಾಕ್ಟರು ಒಂದು ಲೇಖನವನ್ನೂ ಬರೆಯತೊಡಗಿದ್ದರು.

ನಿವೃತ್ತ ಮೇಷ್ಟ್ರು ಮಂಗಳವಾರ ಚದುರಂಗದ ಹಲಗೆ ತರುತ್ತಿದ್ದರು. ಪ್ರತಿ ಆಟವೂ ಸೋತು, "ಭೇಷ್!" ಎಂದು ಡಾಕ್ಟರ ಬೆನ್ನು ತಟ್ಟುತ್ತಿದ್ದರು. ಟಿಪ್ಪಣಿ: 'ಆತ್ಮವಿಶ್ವಾಸದ ಕೊರತೆ.' ಬಸ್ ಡ್ರೈವರ್ ಬುಧವಾರ ಬಂದು, "ಬನ್ನಿ, ಕೆರೆ ತನಕ ಹೋಗಿಬರೋಣ" ಎಂದು ಅವರನ್ನು ಎಬ್ಬಿಸಿಕೊಂಡು ಹೋಗುತ್ತಿದ್ದ. ಟಿಪ್ಪಣಿ: 'ಒಬ್ಬನೇ ನಡೆಯಲು ಭಯ.' ದರ್ಜಿಯಂತೂ ಒಮ್ಮೆ ಡಾಕ್ಟರ ಕತ್ತಿನ ಸುತ್ತ ಬೆರಳಾಡಿಸಿ, "ಕಾಲರ್ ಎರಡು ಬೆರಳು ಸಡಿಲ ಆಗಿದೆಯಲ್ಲ" ಎಂದು ಅಂಗಿ ಬಿಚ್ಚಿಸಿಕೊಂಡು ಹೋಗಿದ್ದ. ಟಿಪ್ಪಣಿಗೆ ಒಂದು ಇಡೀ ಪುಟವೇ ಬೇಕಾಯಿತು.

ಬಾಯಿಬಿಡದ ರೋಗಿಗೆ ಒಂದು ತಂತ್ರವಿದೆ. ಡಾಕ್ಟರೇ ಮೊದಲು ತಮ್ಮ ನೋವು ಹೇಳಿಕೊಳ್ಳಬೇಕು. ಹಿಂದೊಂದು ಸೋಮವಾರ ದರ್ಜಿಯೆದುರು ಡಾಕ್ಟರು ಹೇಳಿಕೊಂಡರು. ಇಲ್ಲಿಗೆ ಬರುವ ಎರಡು ತಿಂಗಳ ಮುಂಚೆ ಅಮ್ಮ ತೀರಿಹೋದದ್ದು, ಆ ವಾರವೇ ಪ್ರಬಂಧ ಒಪ್ಪಿಸಬೇಕಾಗಿದ್ದರಿಂದ ಅಳಲೂ ಪುರುಸೊತ್ತಾಗದೆ ಹೋದದ್ದು. ತಂತ್ರವೆಂದು ಆರಂಭಿಸಿದ್ದು ಒಂದು ಗಂಟೆ ನಡೆಯಿತು. ಕೊನೆಗೆ ಬಿಕ್ಕಿಬಿಕ್ಕಿ ಅತ್ತರು. ದರ್ಜಿ ಕಿತ್ತಳೆ ಸುಲಿದು ಒಂದೊಂದೇ ತೊಳೆ ಕೈಗಿಟ್ಟ. ಟಿಪ್ಪಣಿ: 'ತಂತ್ರ ಫಲಿಸಿದೆ. ರೋಗಿ ಕರಗಿದ್ದಾನೆ.'

ಆದರೂ ಇಂದು ಡಾಕ್ಟರು ಬೆಳಗಿನಿಂದ ಮೂರು ಸಲ ಮೇಜು ಒರೆಸಿದ್ದರು. ಪರವಾನಗಿಗೆ ಶಿಫಾರಸು ಮಾಡಬೇಕಾದ ಗೈಡ್ ಮೇಡಂ ನಗರದಿಂದ ಬರುವ ದಿನ. ಒಬ್ಬ ರೋಗಿಯಾದರೂ ಅವರೆದುರು ನೋವು ಏನಿತ್ತು, ಹೇಗೆ ಕಡಿಮೆಯಾಯಿತು ಎಂದು ಹೇಳಬೇಕು. ಇಲ್ಲದಿದ್ದರೆ ವರ್ಷವಿಡೀ ಪಟ್ಟ ಪಾಡು ನೀರುಪಾಲು.

"ದೊಡ್ಡ ಡಾಕ್ಟರು ನೋಡೋಕೆ ಬರ್ತಾರಂತಲ್ಲ?" ಎಂದ ದರ್ಜಿ. "ಹೆದರ್ಕೋಬೇಡಿ. ನಾನಿದ್ದೀನಿ."

ಹೆದರಿದವನೇ ಧೈರ್ಯ ಹೇಳುವ ಚಂದ ನೋಡಿ ಡಾಕ್ಟರು ಮನಸ್ಸಿನಲ್ಲೇ ನಕ್ಕರು.

ಮೇಡಂ ಬಂದರು. ಬಾಗಿಲಲ್ಲಿ ನಿಂತು ಬೋರ್ಡನ್ನು ಎರಡು ಸಲ ಓದಿದರು.

"ಇದನ್ನ ಬರೆದೋರು ಯಾರು?"

"ನಾನೇ ಮೇಡಂ. ಜನರಿಗೆ ಅರ್ಥ ಆಗಲಿ ಅಂತ."

"ಅರ್ಥ ಆಗಿರುತ್ತೆ" ಎಂದು ಒಳಗೆ ಬಂದು ಕೂತರು. ದರ್ಜಿಯ ಕಡೆ ತಿರುಗಿದರು. "ಹೇಳಿ, ಮೊದಲು ಹೇಗಿತ್ತು?"

ದರ್ಜಿ ಗಂಟಲು ಸರಿಮಾಡಿಕೊಂಡ. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು.

"ಏನ್ ಹೇಳ್ಲಿ ಮೇಡಂ, ಕಷ್ಟ ಇತ್ತು. ನಿದ್ದೆ ಇಲ್ಲ, ಊಟ ಸೇರ್ತಿರಲಿಲ್ಲ. ಅಮ್ಮ ಹೋದ ದುಃಖ ಒಳಗೊಳಗೇ ಕೊರೀತಿತ್ತು."

ಇವನ ತಾಯಿಯೂ! ಹನ್ನೊಂದು ತಿಂಗಳು ಮುಚ್ಚಿಟ್ಟದ್ದು ಇದನ್ನೇ! ಡಾಕ್ಟರ ಕಣ್ಣು ತುಂಬಿ ಬಂತು. ಪರವಾನಗಿ ಕೈಗೆ ಬಂದ ಹಾಗೆಯೇ ಆಯಿತು.

"ಈಗ?" ಎಂದರು ಮೇಡಂ.

"ಈಗ ಎಷ್ಟೋ ವಾಸಿ. ಅತ್ತಾಗಿದೆ, ಹಗುರ ಆಗಿದೆ. ರಾತ್ರಿ ನಿದ್ದೆ ಬರುತ್ತೆ. ಮೊನ್ನೆ ಕೆರೆ ಏರಿ ಮೇಲೆ ನಗೋದನ್ನ ಡ್ರೈವರ್ರೇ ನೋಡಿದಾನೆ."

ಡಾಕ್ಟರು ಗೆಲುವಿನಿಂದ ಗೈಡ್ ಮೇಡಂ ಕಡೆ ನೋಡಿದರು. ಮೇಡಂ ಅವರನ್ನೇ ನೋಡುತ್ತಿದ್ದರು.

"ಹಾಗಾದ್ರೆ ಇನ್ನು ಇಲ್ಲಿಗೆ ಬರೋದು ಬೇಕಾಗಲ್ವಾ?"

"ಬೇಕಾಗಲ್ಲ ಮೇಡಂ, ಊರಿನೋರೆಲ್ಲ ಸರದಿ ಪ್ರಕಾರ ಬಂದು ಮಾತಾಡಿಸಿದೀವಿ, ಹುಡುಗ ಗುಣ ಆಗಿದಾನೆ. ತಾನು ಡಾಕ್ಟರು ಅನ್ನೋ ಭ್ರಮೆ ಒಂದು ಉಳ್ಕೊಂಡಿದೆ, ಮನೆಗೆ ಕರ್ಕೊಂಡು ಹೋಗಿ, ಅದೂ ಬಿಟ್ಟುಹೋಗುತ್ತೆ."