ಪೈಲ್ವಾನ್ ದೊಡ್ಡಮುನಿಯಪ್ಪನ ಹುಟ್ಟೂರು

ಕೆಂಪರಾಜು ನೂರಾ ಹದಿನೇಳನೆಯ ಸಲ ‘ಜಡಿಗೇನಹಳ್ಳಿ’ಯನ್ನು ಅಳಿಸಿ ‘ಮಧುರೆ’ ಎಂದು ಬರೆದ. ಬರೆದ ಬೆರಳು ಇನ್ನೂ ಮೇಲೆದ್ದಿರಲಿಲ್ಲ, ಪುಟ ಮತ್ತೆ ಜಡಿಗೇನಹಳ್ಳಿಗೆ ಹೊರಳಿಕೊಂಡಿತು.

ಅದು ಅಂತರ್ಜಾಲದ ವಿಶ್ವಕೋಶ. ಯಾರು ಬೇಕಾದರೂ ಬರೆಯಬಹುದು, ಯಾರು ಬೇಕಾದರೂ ತಿದ್ದಬಹುದು, ಯಾರಿಗೂ ಸಂಬಳವಿಲ್ಲ. ಹಾಗಾಗಿಯೇ ಅಲ್ಲಿ ನಡೆಯುವ ಜಗಳದ ಮುಂದೆ ಕುರುಕ್ಷೇತ್ರವೆಂದರೆ ಅಂಗನವಾಡಿ.

ಕೆಂಪರಾಜು ತನ್ನೂರು ಮಧುರೆಯ ಹಾಲಿನ ಡೈರಿಯ ಕಾರ್ಯದರ್ಶಿ. ಬೆಳಿಗ್ಗೆ ಹಾಲಿನ ಡಿಗ್ರಿ ನೋಡುತ್ತಿದ್ದ. ಮಿಕ್ಕ ಹೊತ್ತು ಡೈರಿಯ ಕಂಪ್ಯೂಟರಿನಲ್ಲಿ ಭೂಮಂಡಲಕ್ಕೆ ಜ್ಞಾನ ಹಂಚುತ್ತಿದ್ದ. ಪೈಲ್ವಾನ್ ದೊಡ್ಡಮುನಿಯಪ್ಪನ ಪುಟ ಶುರು ಮಾಡಿದವನು ಅವನೇ. ದೊಡ್ಡಮುನಿಯಪ್ಪನ ವಿಷಯದಲ್ಲಿ ಅವನಿಗೆ ಗೊತ್ತಿದ್ದಷ್ಟು ಏಳು ಸಮುದ್ರದ ಈಚೆಗಾಗಲಿ ಆಚೆಗಾಗಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಊಟಕ್ಕೆ ನಲವತ್ತು ರಾಗಿಮುದ್ದೆ. ಮೀಸೆಯ ಎರಡೂ ತುದಿಗೆ ಒಂದೊಂದು ನಿಂಬೆಹಣ್ಣು. ಒಂದೇ ಮಧ್ಯಾಹ್ನ ಹದಿನಾಲ್ಕು ಜಟ್ಟಿಗಳಿಗೆ ಮಣ್ಣು ಮುಕ್ಕಿಸಿದ್ದು. 1891ರಲ್ಲಿ ಮರಣ. ಎಲ್ಲವೂ ಪುಟದಲ್ಲಿತ್ತು.

ಎದುರಾಳಿ ಜಡಿಗೇನಹಳ್ಳಿಯ ಮುರಳಿ. ಏರ್‌ಪೋರ್ಟಿನಲ್ಲಿ ಕ್ಯಾಬ್ ಓಡಿಸುವವನು. ಬಾಡಿಗೆಗೆ ಕಾಯುತ್ತಾ ಪಾರ್ಕಿಂಗಿನಲ್ಲಿ ಸೀಟು ಹಿಂದಕ್ಕೆ ವಾಲಿಸಿಕೊಂಡು ಫೋನಿನಲ್ಲೇ ತಿದ್ದುತ್ತಿದ್ದ. ವಿಮಾನ ತಡವಾದ ದಿನ ಕೆಂಪರಾಜುವಿಗೆ ಊಟವಿಲ್ಲ.

“ಆಧಾರ ಏನ್ ಗುರು?” ಎಂದು ಮುರಳಿ ಚರ್ಚಾಪುಟದಲ್ಲಿ ಕೇಳಿದ.

“ನಮ್ಮ ಡೈರಿ ಬೆಳ್ಳಿಹಬ್ಬದ ಸಂಚಿಕೆ. ಪುಟ ಹದಿನಾಲ್ಕು.”

“ಆ ಲೇಖನ ಬರ್ದಿರೋರೂ ನೀವೇ ಅಲ್ವಾ ಅಣ್ಣ?”

“ಗೊತ್ತಿರೋರು ತಾನೇ ಬರೀಬೇಕು? ನಿನ್ನ ಆಧಾರ ಏನಪ್ಪಾ?”

“ಅವ್ರು ಬಸ್ಕಿ ಹೊಡ್ದು ಹೊಡ್ದು ಬಿದ್ದಿರೋ ಗುಂಡಿ ನಮ್ಮೂರ ಕೆರೆ ಏರಿ ಮೇಲೆ ಇನ್ನೂ ಐತೆ. ಬಂದು ಇಳಿದು ನೋಡಿ.”

ಹೀಗೇ ಪ್ರಳಯದವರೆಗೂ ನಡೆಯುತ್ತಿತ್ತೇನೋ. ಅಷ್ಟರಲ್ಲಿ ಕುಸ್ತಿ ಅಭಿಮಾನಿಗಳ ಸಂಘದವರು ಒಂಬತ್ತಡಿ ಎತ್ತರದ ಪ್ರತಿಮೆ ಮಾಡಿಸುತ್ತೇವೆ ಎಂದು ಸಾರಿದರು. ಎಲ್ಲಿ ನಿಲ್ಲಿಸುವುದು? ವಿಶ್ವಕೋಶದಲ್ಲಿ ಯಾವ ಹುಟ್ಟೂರು ಇದೆಯೋ ಅಲ್ಲಿ. ಆ ಸುದ್ದಿ ಓದಿದ ಕೆಂಪರಾಜು ಬೆವರಿದ ಬೆವರಿಗೆ ಡೈರಿಯ ಎರಡು ಕ್ಯಾನು ತುಂಬುತ್ತಿತ್ತು.

ವಿಶ್ವಕೋಶದ ನಿರ್ವಾಹಕಿ ಪ್ರಮೋದಾ ಪುಟಕ್ಕೆ ಬೀಗ ಹಾಕಿದಳು. ದೇವನಹಳ್ಳಿಯಲ್ಲಿ ಲೈಬ್ರರಿಯನ್ ಆಗಿದ್ದ ಹೆಂಗಸು. ಸುಳ್ಳು ಬರೆದ ನಾನೂರು ಜನರ ಖಾತೆಗಳನ್ನು ಬೇರುಸಮೇತ ಕಿತ್ತವಳು. “ಭಾನುವಾರ ಇಬ್ಬರೂ ಆಧಾರ ತಗೊಂಡು ಬನ್ನಿ,” ಎಂದು ಕೋಟೆಯ ಹತ್ತಿರದ ಹೋಟೆಲಿಗೆ ಕರೆದಳು.

ಕೆಂಪರಾಜು ಬೆಳ್ಳಿಹಬ್ಬದ ಸಂಚಿಕೆ ಒಂದನ್ನು ಕಂಕುಳಲ್ಲಿಟ್ಟುಕೊಂಡು ಬಂದ. ಮುರಳಿ ಕ್ಯಾಬ್ ತುಂಬಾ ಆಧಾರ ತಂದಿದ್ದ. ಮೂರು ಜನ ಹೊತ್ತು ತಂದ ಗದೆಯನ್ನು ಇಟ್ಟ ಏಟಿಗೆ ಮೇಜು ನರಳಿತು. ಗದೆಯ ಹಿಂದೆಯೇ ಮುರಳಿಯ ಅಜ್ಜಿ, ಎಪ್ಪತ್ತೆಂಟು ವರ್ಷದ ದ್ಯಾವಮ್ಮ ಕ್ಯಾಬಿನಿಂದ ಇಳಿದು ಬಂದರು.

“ದೊಡ್ಡಮುನಿಯಪ್ಪ ನಮ್ಮ ಮುತ್ತಾತ ಕಣಮ್ಮಾ,” ಎಂದು ಪ್ರಮೋದಾಳ ಕೈ ಹಿಡಿದರು. “ತೊಡೆ ಮೇಲೆ ಕೂರುಸ್ಕಂಡು ನಂಗೆ ಕಡ್ಲೆಪುರಿ ತಿನ್ನುಸ್ತಿದ್ದ.”

ಕೆಂಪರಾಜು ಚಂಗನೆ ಎದ್ದ. “ಅಜ್ಜೀ, ಅವ್ರು ಸತ್ತಿದ್ದು ಸಾವಿರದ ಎಂಟುನೂರ ತೊಂಬತ್ತೊಂದ್ರಲ್ಲಿ!”

“ಸತ್ತಿದ್ನ ನೀನು ನೋಡಿದ್ಯೇನ್ಲಾ?”

ಕೆಂಪರಾಜು ಕೂತ. ಪ್ರಮೋದಾ ತನ್ನ ಪುಸ್ತಕದಲ್ಲಿ ‘ಸಾವಿನ ವರ್ಷಕ್ಕೂ ಆಧಾರವಿಲ್ಲ’ ಎಂದು ಬರೆದುಕೊಂಡಳು.

“ಕೆಂಪರಾಜು ಅವ್ರೇ, ಇವರಜ್ಜಿ ಸಾಕ್ಷಿ ಹೇಳ್ತಿದ್ದಾರೆ, ಗದೆ ಇದೆ. ದೊಡ್ಡಮುನಿಯಪ್ಪ ಜಡಿಗೇನಹಳ್ಳೀಲಿ ಹುಟ್ಟಲಿಲ್ಲ ಅನ್ನೋದಕ್ಕೆ ನಿಮ್ಮ ಹತ್ರ ಗಟ್ಟಿ ಆಧಾರ ಏನಾದ್ರೂ ಇದ್ಯಾ?”

“ಇದೆ ಮೇಡಂ!”

ಹೋಟೆಲಿಗೆ ಹೋಟೆಲೇ ತಿರುಗಿ ನೋಡಿತು. ಕಾವಲಿಯ ಮೇಲಿನ ದೋಸೆ ಚುಂಯ್‌ಗುಟ್ಟುವುದನ್ನು ನಿಲ್ಲಿಸಿತು. ಮುರಳಿಯ ಮುಖ ಸುಣ್ಣವಾಯಿತು.

“ಕೊಡಿ,” ಎಂದಳು ಪ್ರಮೋದಾ.

ಕೆಂಪರಾಜು ಬಾಯಿ ತೆರೆದ. ಅಂಥ ಆಧಾರ ಪ್ರಪಂಚದಲ್ಲಿ ಅವನೊಬ್ಬನ ಬಳಿ ಮಾತ್ರ ಇತ್ತು. ಒಂದೇ ಒಂದು ವಾಕ್ಯ. ಅದನ್ನು ಹೇಳಿದರೆ ಗದೆ ಪುಡಿಪುಡಿ, ಮುರಳಿ ಮಣ್ಣು, ಪ್ರತಿಮೆ ಗಾಳಿಗೆ. ಅವನು ಗದೆಯನ್ನು ನೋಡಿದ. ಪ್ರಮೋದಾಳ ಪೆನ್ನನ್ನು ನೋಡಿದ. ಒಂದು ಚೊಂಬು ನೀರು ಗಟಗಟ ಕುಡಿದ.

“ಜಡಿಗೇನಹಳ್ಳಿ ಅಂತ್ಲೇ ಹಾಕ್ಬಿಡಿ ಮೇಡಂ.”

ಮುರಳಿ ಎಗರಿ ಬಂದು ತಬ್ಬಿಕೊಂಡ. “ಅಣ್ಣಾ, ಏನ್ ಮನ್ಸು ಅಣ್ಣಾ ನಿಮ್ದು! ಪ್ರತಿಮೆ ಪೂಜೆಗೆ ಮೊದಲ್ನೇ ಹಾರ ನೀವೇ ಹಾಕ್ಬೇಕು.” ಆಮೇಲೆ ದನಿ ತಗ್ಗಿಸಿ, “ಇನ್ನೊಂದ್ ಸಹಾಯ ಮಾಡಿ. ಕೆಳಗಿನ ಕಲ್ಲಲ್ಲಿ ಅವ್ರ ಹೆಂಡ್ತಿ ಹೆಸ್ರೂ ಕೆತ್ತುಸ್ಬೇಕಂತೆ. ಪುಟದಲ್ಲಿಲ್ಲ. ಅಜ್ಜಿಗೆ ಗ್ಯಾನ ಇಲ್ವಂತೆ. ನಿಮ್ಗೇನಾದ್ರೂ ಗೊತ್ತಾ?” ಎಂದ.

ಕೆಂಪರಾಜು ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಾ ಅರ್ಧ ಗುಟುಕು ಕಾಫಿ ಕುಡಿದ.

“ಅಮ್ಮಯಮ್ಮ.”

“ಹೂಂ ಕಣಪ್ಪಾ, ಅಮ್ಮಯಮ್ಮನೇ!” ದ್ಯಾವಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. “ನಂದು ಥೇಟ್ ಅವ್ಳ್ದೇ ಮೂಗು.”

ಮೂರು ವರ್ಷದ ಹಿಂದೆ, ಹಾಲಿನ ಟ್ಯಾಂಕರ್ ಬರುವುದು ತಡವಾದ ಒಂದು ಮಧ್ಯಾಹ್ನ, ಹೊತ್ತು ಹೋಗದೆ ದೊಡ್ಡಮುನಿಯಪ್ಪನನ್ನು ಮೀಸೆ, ಮುದ್ದೆ, ಕುಸ್ತಿ, ಸಾವು ಸಮೇತ ತನ್ನ ತಲೆಯಿಂದಲೇ ಕಟ್ಟಿ ಬರೆದಿದ್ದ ಕೆಂಪರಾಜು, ಆ ಪೈಲ್ವಾನನಿಗೆ ಮದುವೆ ಮಾಡಿಸುವುದನ್ನು ಮಾತ್ರ ಮರೆತಿದ್ದ.