ಸರದಾರನ ಬೆನ್ನಿನ ಗುರುತು

"ದುಸರೀ ಸೂಜಿ, ಎರಡನೇದು, ಯಾವಾಗ ಹಾಕ್ಸಿದಿ, ಭೀಮಶಾ?"

ದನದ ದವಾಖಾನೆಯ ದೀಪಾಲಿ ಡಾಕ್ಟರು ಹೀಗೆ ಕೇಳಿದ್ದಕ್ಕೆ ಭೀಮಶಾ ಕಂಬಳಿಯ ಗಂಟು ಬಿಚ್ಚಿ, ನಾಯಿಮರಿಯನ್ನು ಮೇಜಿನ ಮೇಲಿಟ್ಟು, ಅದರ ಬೆನ್ನು ತೋರಿಸಿದ. ಅಂಗೈ ಅಗಲದ ಕೆಂಪು ಬಣ್ಣ, ಹಣೆಗೆ ಬಳಿದ ಭಂಡಾರದಷ್ಟೇ ನಂಬಿಕೆಯಿಂದ ಬಳಿದದ್ದು. "ಇಲ್ಲಿ ನೋಡ್ರಿ ಡಾಕ್ಟರಬಾಯಿ. ಗುರ್ತು ಅದ."

ಮರಿಯ ಹೆಸರು ಸರದಾರ. ವಯಸ್ಸು ಮೂರು ತಿಂಗಳು. ಅದರ ತಾಯಿ ಹನ್ನೊಂದು ವರ್ಷ ಭೀಮಶಾನ ಕುರಿಗಳನ್ನು ತೋಳದಿಂದ ಕಾದು, ಕೊನೆಯ ಸೂಲಿಗೆ ಎರಡೇ ಮರಿ ಹಾಕಿ ಕಣ್ಣು ಮುಚ್ಚಿತ್ತು. ಮೊನ್ನೆಯವರೆಗೂ ಸರದಾರ ಟಗರಿನ ಎದುರು ನಿಂತು ಬೊಗಳಿ, ಅದು ಕೊಂಬು ತಗ್ಗಿಸಿದರೆ ಅದರ ಕಾಲ ಸಂದಿಯಲ್ಲೇ ನುಸುಳಿ ಓಡಿಬರುತ್ತಿದ್ದ. ನಿನ್ನೆ ವಾಂತಿ ಶುರುವಾಯಿತು. ಇವತ್ತು ಬೆಳಿಗ್ಗೆ ಭೇದಿಯಲ್ಲಿ ರಕ್ತ.

ಎಂಬತ್ತು ಕುರಿ ಸಾಕಿದವನಿಗೆ ಸೂಜಿಯ ಲೆಕ್ಕ ಯಾರೂ ಕಲಿಸಬೇಕಿಲ್ಲ. ಮಳೆಗಾಲಕ್ಕೆ ಮೊದಲು ರೋಗ ಬಾರದ ಹಾಗೆ ಕುರಿಗೊಂದು ಸೂಜಿ. ಹಾಕಿದ್ದರ ಬೆನ್ನಿಗೆ ಕೆಂಪು. ಕೆಂಪು ಇಲ್ಲದ್ದನ್ನು ಹಿಡಿ, ಇದ್ದದ್ದನ್ನು ಬಿಡು. ಸರದಾರನಿಗೂ ಅವನ ತಂಗಿಗೂ ಏಳನೇ ವಾರಕ್ಕೆ ಇದೇ ಮೇಜಿನ ಮೇಲೆ ಸೂಜಿಯಾದ ದಿನ, ಅದೇ ಡಬ್ಬಿಯ ಬಣ್ಣ ಅವುಗಳ ಬೆನ್ನಿಗೂ ಬಿತ್ತು. ಮೂರು ವಾರ ಕಳೆದಾಗ ಹೆಂಡತಿ ಮಲಕಮ್ಮ, "ಮತ್ತ ಬಾ ಅಂದಿದ್ರಲ್ಲ ಡಾಕ್ಟರಬಾಯಿ?" ಎಂದು ನೆನಪಿಸಿದ್ದಳು. "ಗುರ್ತು ಇದ್ದದ್ದಕ್ಕ ಮತ್ತ ಚುಚ್ಚಿಸ್ಕೊಂಡು ಬಂದ್ರ ಬೀರಪ್ಪನ ಗುಡಿ ಮುಂದ ಮಂದಿ ನನಗ ನಗ್ತಾರ, ಹುಚ್ಚಿ" ಎಂದಿದ್ದ ಭೀಮಶಾ. ಮರಿ ಮಣ್ಣಿನಲ್ಲಿ ಹೊರಳಿ ಬಣ್ಣ ಮಾಸಿದಾಗಲೆಲ್ಲ ತಪ್ಪದೆ ಮತ್ತೆ ಬಳಿದಿದ್ದ.

"ಕುರಿಗಿ ಬ್ಯಾರೆ, ನಾಯಿಗಿ ಬ್ಯಾರೆ ಅಂತ ಹೇಳಿದ್ದೆ ನಾ" ಎನ್ನುತ್ತ ಡಾಕ್ಟರು ಮರಿಯ ಮುಂಗಾಲಿಗೆ ಸಲಾಯಿನ್ ಏರಿಸತೊಡಗಿದರು. "ಪಾರ್ವೊ ಆಗ್ಯಾದ, ಕರುಳಿನ ಬ್ಯಾನಿ. ಒಂದ ಸೂಜಿಗಿ ನಿಲ್ಲೂದಿಲ್ಲ ಇದು. ಹೇಳಿದ್ದೆ ಕೀ ನಾಹೀ?"

ಹೇಳಿದ್ದರು. ಹೇಳಿದ್ದು ಭೀಮಶಾನಿಗೆ ಚಾಚೂ ತಪ್ಪದೆ ನೆನಪಿತ್ತು. ಡಾಕ್ಟರು ಶಿರೂರ ಅನಂತಪಾಳ ಕಡೆಯವರು, ಕನ್ನಡವನ್ನು ಮರಾಠಿಯಲ್ಲಿ ಅದ್ದಿ ಅದ್ದಿ ಆಡುವವರು. ಆ ದಿನ ಇಲ್ಲಿಂದ ಹೊರಬಿದ್ದವನೇ ಭೀಮಶಾ ತುರೋರಿಯ ಚಹಾದಂಗಡಿಯಲ್ಲಿ ಡಾಕ್ಟರ ಹಾಗೆ ಇಲ್ಲದ ಚಷ್ಮಾ ಮೂಗಿನ ಮೇಲೆ ಏರಿಸಿಕೊಂಡು, ಮೂರು ಬೆರಳು ಎತ್ತಿ, ಒಂದೊಂದೇ ಮಡಚುತ್ತ ಆಟ ಕಟ್ಟಿದ್ದ: "ಹೇ ಬಘಾ ಭೀಮಶಾ! ಏಕವೀಸ ದಿವಸ, ಮತ್ತ ಬಾ. ಅಜೂನ ಏಕವೀಸ ದಿವಸ, ಮತ್ತ ಬಾ. ಅಜೂನ ಏಕವೀಸ ದಿವಸ, ಮತ್ತ ಬಾ! ಚಾರ ತಿಂಗಳ ತನಕ ಬೀದಿನಾಯಿ ಹತ್ರ ಬಿಡೂ ನಕೋ!" ಲಾರಿ ಡ್ರೈವರುಗಳು ನಕ್ಕು ಚಹಾ ಚೆಲ್ಲಿಕೊಂಡಿದ್ದರು. ನಾಯಿಮರಿಗೆ ಇಪ್ಪತ್ತೊಂದು ದಿನಕ್ಕೊಮ್ಮೆ ಸೂಜಿ ಎಂಬುದು ಆ ಹೊತ್ತಿಗೆ ಉಮರ್ಗಾ ರಸ್ತೆಗೆಲ್ಲ ಬಾಯಿಪಾಠವಾಗಿತ್ತು.

ಸಲಾಯಿನ್ ಹನಿಯುತ್ತಿದ್ದಾಗಲೇ ಕಿರಾಣಿ ಅಂಗಡಿಯ ಸುಮಿತ್ರಾಬಾಯಿ ಬುಟ್ಟಿ ಹಿಡಿದು ಬಾಗಿಲಿಗೆ ಬಂದರು. ಬುಟ್ಟಿಯೊಳಗೆ ಸರದಾರನ ತಂಗಿ, ಭೀಮಶಾನೇ ಅವರಿಗೆ ಕೊಟ್ಟದ್ದು. ಉಂಡು ಉಂಡು ಹೊಟ್ಟೆ ಡೊಳ್ಳಾಗಿತ್ತು. ಬೆನ್ನಿನ ಕೆಂಪನ್ನು ಅವರು ಎಂದೋ ಸಾಬೂನು ಹಚ್ಚಿ ತೊಳೆದಿದ್ದರು. ಡಾಕ್ಟರು ಅವರನ್ನು ಬಾಗಿಲಲ್ಲೇ ತಡೆದರು. "ಒಳಗ ತರಬ್ಯಾಡ್ರಿ. ಈ ರೋಗ ಹತ್ತತದ. ನಾನೇ ಬರ್ತೀನಿ."

"ಇವತ್ತ ಮೂರನೇದ್ರಿ, ಒಂದ ದಿವಸ ತಪ್ಪಿಸಿಲ್ಲ" ಎಂದರು ಸುಮಿತ್ರಾಬಾಯಿ ಹೊರಗಿನಿಂದಲೇ. ಭೀಮಶಾನನ್ನು ಕಂಡು ಮುಖ ಅರಳಿತು. "ಅಗೋ, ಇಂವಾನ! ನನಗ ತಾರೀಖ ಕಲಿಸಿದಂವಾ ಇಂವಾನ ನೋಡ್ರಿ. ನಮ್ಮ ಅಂಗಡ್ಯಾಗ ನಿಂತು ನಿಮ್ಮಂಗ ಹುಬೇಹೂಬ ಮಾಡಿ ತೋರಿಸ್ದ. ನಕ್ಕು ನಕ್ಕು ಹೊಟ್ಟಿ ಹಿಡ್ಕೊಂಡು, ಆಮ್ಯಾಲ ಕ್ಯಾಲೆಂಡರದಾಗ ಗೆರಿ ಎಳದೆ. ಏ ಭೀಮಶಾ, ಒಮ್ಮೆ ಮಾಡು. ಡಾಕ್ಟರಬಾಯಿ ಬ್ಯಾಸರ ಮಾಡ್ಕೊಳ್ಳೂದಿಲ್ಲ, ಮಾಡು!"

ಆಮೇಲೆ ಅವರಿಗೆ ಮೇಜಿನ ಮೇಲೆ ಕಂಬಳಿಯಲ್ಲಿ ಮಲಗಿದ್ದ ಸರದಾರ ಕಾಣಿಸಿದ. ಬುಟ್ಟಿಯನ್ನು ಎದೆಗೆ ಒತ್ತಿಕೊಂಡು ಒಂದು ಹೆಜ್ಜೆ ಹಿಂದೆ ಸರಿದರು.

ಡಾಕ್ಟರು ಸಿಟ್ಟಾಗಲಿಲ್ಲ. ಭೀಮಶಾನ ಮುಖ ಒಮ್ಮೆ ನೋಡಿದರು, ಅಷ್ಟೇ. ಕೈ ತೊಳೆದು, ಹೊರಗೆ ಹೋಗಿ ತಂಗಿಗೆ ಸೂಜಿ ಹಾಕಿದರು. ಅದು ಕುಂಯ್ ಎಂದಿತು. ಆ ದನಿಗೆ ಸರದಾರನ ಕಿವಿ ಒಂದೇ ಒಂದು ಸಲ ಅಲುಗಿತು. ಆಮೇಲೆ ಅವನ ಪಕ್ಕೆ ಏಳದ್ದನ್ನು ಬಾಗಿಲಿನಿಂದಲೇ ಕಂಡ ಡಾಕ್ಟರು ಓಡಿಬಂದು ಸ್ಟೆತೊಸ್ಕೋಪನ್ನು ಅವನ ಎದೆಗೆ ಒತ್ತಿ ಹಾಗೇ ನಿಂತರು.

ಸುಮಿತ್ರಾಬಾಯಿ ದನಿ ತಗ್ಗಿಸಿ ಕೇಳಿದರು, "ಇನ್ನ ಮುಂದಿಂದು ಯಾವಾಗ್ರಿ?"

ಡಾಕ್ಟರಿಗೆ ಅದು ಕೇಳಿಸಲಿಲ್ಲ. ಭೀಮಶಾ ಹೇಳಿದ: "ಇನ್ನೂ ಇಪ್ಪತ್ತೊಂದ ದಿವಸಕ್ಕ ಒಂದ ಅದ, ಬಾಯಾರ. ಅದಾದ ಮ್ಯಾಲ ವರ್ಷಕ್ಕೊಮ್ಮಿ. ನಾಕ ತಿಂಗಳ ಆಗೂತನಾ ಬೀದಿನಾಯಿ ಹತ್ರ ಬಿಡಬ್ಯಾಡ್ರಿ."

ಒಂದು ಮಾತೂ ತಪ್ಪಿರಲಿಲ್ಲ. ದನಿ ಮಾತ್ರ ಈ ಸಲ ಅವನದೇ ಆಗಿತ್ತು.

ಡಾಕ್ಟರು ಸ್ಟೆತೊಸ್ಕೋಪ್ ಕಿವಿಯಿಂದ ತೆಗೆದು, ಸಲಾಯಿನ್ ನಿಲ್ಲಿಸಿದರು. ಭೀಮಶಾ ಸರದಾರನ ಬೆನ್ನ ಮೇಲಿಟ್ಟಿದ್ದ ಕೈಯನ್ನು ತುಂಬ ಹೊತ್ತಿನ ಮೇಲೆ ಎತ್ತಿದ. ಆದಿತವಾರವಷ್ಟೇ ಹೊಸದಾಗಿ ಬಳಿದಿದ್ದ ಆ ಕೆಂಪು, ಬೆವೆತ ಅಂಗೈಗೆ ಪೂರ್ತಿ ಹತ್ತಿಕೊಂಡಿತ್ತು.