ಕೂಗಳತೆ

ಆಚೆ ತಿರುವಿನಿಂದ ನೂರುನ್ನೀಸಾ ಹೇಳಿದ ಇಂಗ್ಲಿಷ್ ವಾಕ್ಯ ಗದ್ದೆ ಬಯಲನ್ನು ದಾಟಲಿಲ್ಲ. ಈಚೆ ತಿರುವಿನಲ್ಲಿ ನಿಂತಿದ್ದ ಪರಮಶಿವಯ್ಯ ಮೇಷ್ಟ್ರು ಏನೂ ಬರಲಿಲ್ಲವೆಂದು ಕೈಯೆತ್ತಿ ಆಡಿಸಿದರು. ಪಕ್ಕದಲ್ಲಿ ತಮ್ಮ ಲಾರಿಗೆ ಒರಗಿದ್ದ ಅವಳ ತಂದೆ ಜಬ್ಬಾರ್ ಮಗಳ ಕಡೆ ನೋಡುತ್ತಿರಲಿಲ್ಲ. ಸುತ್ತಲಿನ ಗುಡ್ಡಗಳ ಮೇಲೆ ಯಾರಾದರೂ ಇದ್ದಾರೆಯೇ ಎಂದು ನೋಡುತ್ತಿದ್ದರು.

ಅದು ೧೯೬೧ರ ಜನವರಿ. ಸಕಲೇಶಪುರದಿಂದ ಯಸಳೂರಿಗೆ ಹೋಗುವ ರಸ್ತೆ ಅಲ್ಲಿ ಒಂದು ಗದ್ದೆ ಬಯಲನ್ನು ಬಳಸಿಕೊಂಡು ತಿರುಗುತ್ತಿತ್ತು. ಈ ತಿರುವಿನಿಂದ ಆ ತಿರುವಿಗೆ ನೇರಕ್ಕೆ ಕೂಗಳತೆ, ರಸ್ತೆ ಹಿಡಿದರೆ ಅರ್ಧ ಮೈಲಿ. ಒಂದು ಬಸ್ಸು ಹೋಗಿ ಇನ್ನೊಂದು ಬರುವವರೆಗೆ ಅಲ್ಲಿ ಕೇಳುತ್ತಿದ್ದದ್ದು ಗದ್ದೆಯಂಚಿನ ಕಾಲುವೆಯ ನೀರು ಮತ್ತು ಎಲ್ಲೋ ಒಂದು ಮರಕುಟಿಗ, ಅಷ್ಟೆ. ಇಂದು ಅದೇ ಜಾಗದಲ್ಲಿ ನಿಂತರೆ ವಾಹನಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸುವುದಿಲ್ಲ.

ಎಸ್ಸೆಸ್ಸೆಲ್ಸಿ ಪಾಸಾಗಿದ್ದ ನೂರುನ್ನೀಸಾಳಿಗೆ ಸೋಮವಾರ ಹಾಸನದಲ್ಲಿ ಟೆಲಿಫೋನ್ ಆಪರೇಟರ್ ಕೆಲಸದ ಪರೀಕ್ಷೆಯಿತ್ತು. ಒಂದು ಕೋಣೆಯಿಂದ ಫೋನಿನಲ್ಲಿ ಇಂಗ್ಲಿಷ್ ವಾಕ್ಯಗಳನ್ನು ಹೇಳಬೇಕು, ಇನ್ನೊಂದು ಕೋಣೆಯಲ್ಲಿ ಕೂತ ಅಧಿಕಾರಿ ಕೇಳಿ ಬರೆದುಕೊಳ್ಳುತ್ತಾರೆ. ಹುಡುಗಿಯ ವ್ಯಾಕರಣ ಚೊಕ್ಕವಾಗಿತ್ತು. ಮಾತು ಮಾತ್ರ ಇಟ್ಟಿಗೆ ಜೋಡಿಸಿದ ಹಾಗೆ, ಪ್ರತಿ ಪದಕ್ಕೂ ಒಂದೇ ತೂಕ. ಇಂಗ್ಲಿಷಿನಲ್ಲಿ ಅರ್ಥ ಹೊರುವ ಪದಗಳು ಎದ್ದು ನಿಲ್ಲಬೇಕು, ಉಳಿದವು ಅವುಗಳ ಸಂದಿಯಲ್ಲಿ ನುಸುಳಿ ಹೋಗಬೇಕು ಎಂದು ಮೇಷ್ಟ್ರು ತಿಂಗಳಿಡೀ ತಮ್ಮ ಮನೆಯ ಜಗಲಿಯ ಮೇಲೆ ಕೂತು ಹೇಳಿದ್ದರು, ಮೇಜು ಕುಟ್ಟಿ ತೋರಿಸಿದ್ದರು. ಎದುರಿಗೇ ಕೂತವರಿಗೆ ಎಲ್ಲ ಪದಗಳೂ ಕೇಳಿಸುತ್ತವೆ. ಹಾಗಾಗಿ ವ್ಯತ್ಯಾಸ ಅವಳಿಗೆ ಹಿಡಿಯಲೇ ಇಲ್ಲ. ಕೊನೆಗೆ ಮೇಷ್ಟ್ರಿಗೆ ಹೊಳೆದದ್ದು ಎಸ್ಟೇಟಿನ ಮೇಸ್ತ್ರಿಗಳ ರೀತಿ. ಗುಡ್ಡದಿಂದ ಗುಡ್ಡಕ್ಕೆ ಕೂಗುವಾಗ ಅವರು ಆಳಿನ ಹೆಸರಿಗೆ, ಹಗ್ಗ, ಏಣಿ ಎಂಬಂಥ ಪದಗಳಿಗೆ ಉಸಿರು ಹಾಕುತ್ತಾರೆ. ಉಳಿದದ್ದನ್ನು ಗಾಳಿಗೆ ಬಿಡುತ್ತಾರೆ.

ಜಬ್ಬಾರ್ ಒಪ್ಪಿದ್ದು ಅರೆಮನಸ್ಸಿನಿಂದ. ಮಂಗಳೂರಿಗೆ ಕಾಫಿ ಮೂಟೆ ಸಾಗಿಸುವ ಅವರ ಗಂಟಲನ್ನು ಇಡೀ ಪೇಟೆ ಬಲ್ಲದು. ಆದರೆ ಮನೆಯ ಹೆಣ್ಣುಮಕ್ಕಳ ದನಿ ಅಂಗಳ ದಾಟಿದ್ದಿಲ್ಲ.

"ಮುಖಕ್ಕಾದ್ರೆ ಸೆರಗು ಐತೆ ಮೇಷ್ಟ್ರೇ, ದನಿಗೆ ಏನ್ ಹೊದ್ಸೋದು? ತಾಲ್ಲೂಕಿನ ಗಂಡಸ್ರೆಲ್ಲ ಕೇಳ್ತಾರೆ," ಎಂದಿದ್ದರು. ಜನವಿಲ್ಲದ ಕಡೆ ಒಂದು ದಿನ ಕೂಗಲಿ, ಆದರೆ ಹೊರಗಿನ ಒಬ್ಬರ ಕಿವಿಗೆ ಬಿದ್ದರೂ ಅಲ್ಲಿಗೆ ಮುಗಿಯಿತು, ಹಾಸನಕ್ಕೆ ಹೋಗುವುದೇ ಇಲ್ಲ ಎಂಬುದು ಅವರ ಕರಾರು. ಆಚೆ ಗುಡ್ಡದ ತೋಟದಲ್ಲಿ ಕಾಫಿ ಹಣ್ಣಿನ ಕೊಯ್ಲು ಮುಗಿದು ಆಳುಗಳು ಬೇರೆ ಕಡೆಗೆ ಹೋಗಿರುವುದನ್ನು ಅವರೇ ವಿಚಾರಿಸಿಕೊಂಡು ಬಂದಿದ್ದರು.

ಹುಡುಗಿ ಮತ್ತೆ ಉಸಿರೆಳೆದುಕೊಂಡಳು. "ದ ಡಾಕ್ಟರ್ ವಿಲ್ ಬಿ ಕಮಿಂಗ್ ಟು ಆಲೂರ್ ಇನ್ ದ ಮಾರ್ನಿಂಗ್" ಎಂಬ ವಾಕ್ಯ. ಈ ಸಲ ಎಲ್ಲ ಪದಗಳನ್ನೂ ಒಂದೇ ಸಮ ಕೂಗಿದಳು. ಅರ್ಧಕ್ಕೇ ಉಸಿರು ಕಟ್ಟಿತು. ಮುಂದಿನದು ಬಾಯಾಡಿದ್ದಷ್ಟೇ ಕಂಡಿತು.

"ಘಾಟಿ ಮಧ್ಯದಲ್ಲೇ ಡೀಸಲ್ ಖಾಲಿಯಾಯ್ತಲ್ರೀ ಸಾಹೇಬ್ರೇ," ಎಂದು ಮೇಷ್ಟ್ರು ನಕ್ಕರು.

ಜಬ್ಬಾರ್ ನಗಲಿಲ್ಲ. ಅವಳು ಹೇಳಿದ್ದರ ಅರ್ಥವೇನೆಂದು ಕೇಳಿದರು. ಬೆಳಿಗ್ಗೆ ಆಲೂರಿಗೆ ಡಾಕ್ಟರು ಬರುತ್ತಾರೆ ಅಂತ, ಎಂದರು ಮೇಷ್ಟ್ರು. ಡಾಕ್ಟರು, ಆಲೂರು, ಬೆಳಿಗ್ಗೆ ಇಷ್ಟು ತಲುಪಿದರೆ ಸಾಲದೇ ಎಂದು ಜಬ್ಬಾರ್ ಕೇಳಿದರು. ಅಷ್ಟೇ ಸಾಕು, ಉಳಿದದ್ದು ಕೇಳುವವನೇ ತುಂಬಿಕೊಳ್ಳುತ್ತಾನೆ ಎಂದು ಹೇಳಿ ಮೇಷ್ಟ್ರು ರಸ್ತೆಯ ಅಂಚಿಗೆ ಹೋಗಿ ನಿಂತು ಅವಳಿಗೆ ಕೂಗಿದರು.

"ಎಲ್ಲಾನೂ ಹೊತ್ಕೊಂಡು ಬರ್ಬೇಡ ಮಗೂ. ಬೇಕಾದ್ದನ್ನಷ್ಟೇ ಎಸಿ."

ನೂರುನ್ನೀಸಾ ತಲೆಯ ಮೇಲಿನ ಸೆರಗನ್ನು ತೆಗೆದು ಸೊಂಟಕ್ಕೆ ಸಿಕ್ಕಿಸಿದಳು. ಗದ್ದೆಯ ಕೂಳೆಗಳ ಮೇಲಿಂದ ಮೊದಲು 'ಡಾಕ್ಟರ್' ಬಂತು. ಒಂದು ಹೆಜ್ಜೆಯಷ್ಟು ಬಿಡುವು ಕೊಟ್ಟು 'ಕಮಿಂಗ್', ಅಷ್ಟೇ ಬಿಡುವು ಕೊಟ್ಟು 'ಆಲೂರ್'. ನಡುವಿನ ಚಿಕ್ಕ ಪದಗಳು ಕಾಲುವೆ ನೀರಿನ ಸದ್ದಿನಲ್ಲಿ ಕರಗಿದವು. ಮೇಷ್ಟ್ರು ಎರಡೂ ಕೈ ಮೇಲೆತ್ತಿದರು.

ಆಗ ಅವಳ ಹಿಂದಿನ ಗುಡ್ಡದ ಮರಗಳ ಒಳಗಿನಿಂದ ಒಬ್ಬ ಗಂಡಸಿನ ದನಿ, "ಓ..." ಎಂದಿತು. ಸೌದೆಗೆ ಬಂದವನೋ, ದನ ಅರಸಿ ಬಂದವನೋ. ಆ ಸೀಮೆಯಲ್ಲಿ ಕೂಗು ಯಾರದೇ ಇರಲಿ, ಯಾರಿಗೇ ಇರಲಿ, ಕೇಳಿಸಿಕೊಂಡವರು ಓಗೊಡಬೇಕು. ಕೂಗಿದವರಿಗೆ ತಲುಪಿತೆಂದು ಗೊತ್ತಾಗಲಿ ಅಂತ.

ಹುಡುಗಿ ಗಡಬಡಿಸಿ ಸೆರಗೆಳೆದು ತಲೆ ಮುಚ್ಚಿಕೊಂಡಳು. ಆಮೇಲೆ ತಂದೆಯ ಕಡೆ ನೋಡುತ್ತಾ ನಿಂತುಬಿಟ್ಟಳು. ಮೇಷ್ಟ್ರ ಕೈಗಳು ತಾವಾಗಿಯೇ ಇಳಿದವು. ಅವರು ಲಾರಿಯ ಬಾಗಿಲಿಗೆ ಸಿಕ್ಕಿಸಿದ್ದ ತಮ್ಮ ಕೊಡೆಯನ್ನು ತೆಗೆದುಕೊಂಡರು.

ಜಬ್ಬಾರ್ ದನಿ ಬಂದ ಗುಡ್ಡವನ್ನೇ ದಿಟ್ಟಿಸಿದರು. ಬಳಿಕ ರಸ್ತೆಯ ಅಂಚಿಗೆ ನಡೆದರು. ಮನೆಯಲ್ಲಿ ಮಗಳೊಂದಿಗೆ ಉರ್ದು ಆಡುವ ಅವರಿಗೆ ಕೂಗು ಬಂದದ್ದು ಮಾತ್ರ ಕನ್ನಡದಲ್ಲಿ, ಲಾರಿಗೆ ಮೂಟೆ ಹೇರುವವರನ್ನು ಕರೆಯುವ ರೂಢಿಯಲ್ಲಿ. ಎರಡೂ ಅಂಗೈಗಳನ್ನು ಬಾಯಿಗೆ ಬೊಗಸೆ ಹಿಡಿದು, ಉಸಿರನ್ನೆಲ್ಲ ಒಂದೇ ಪದದ ಮೇಲೆ ಹಾಕಿ ಕೂಗಿದರು:

"ಮಾರ್ನಿಂಗ್ ಬರ್ಲಿಲ್ಲ ಕಣಮ್ಮ. ಇನ್ನೊಂದ್ ಸಲ."